ಮುಕ್ಕಾಲು ಇಂಚು

ಭಾನುವಾರ ಮಧ್ಯಾಹ್ನ, ಮೂರು ಪೌಂಡ್ ಬ್ರೆಡ್ಡು.
"ಪಾರ್ಟಿನಾ ಅಕ್ಕ?" ಅಂದ ಬೇಕರಿ ಹುಡುಗ
ಸ್ಲೈಸ್ ಮಿಷಿನ್ನಿನ ಸದ್ದಿನ ಮೇಲೆ.
"ಹೂಂ ಕಣೋ, ಬಲಗೈಗೆ" ಅಂದೆ.
ಚಿಲ್ಲರೆ ಎಣಿಸುತ್ತಿದ್ದ, ಕೇಳಿಸಲಿಲ್ಲ.

ಮಂಗಳವಾರ ಕೆ.ಸಿ. ಜನರಲ್‌ನಲ್ಲಿ
ಮಣಿಕಟ್ಟಿನ ನರ ಬಿಡಿಸುತ್ತಾರಂತೆ.
ಇಪ್ಪತ್ತೇಳು ವರ್ಷ ಕತ್ತರಿ ಹಿಡಿದ ಕೈ
ಇಪ್ಪತ್ತೊಂದು ದಿನ ಬಿಳಿ ಬಟ್ಟೆಯೊಳಗೆ.
ವರ್ಷಕ್ಕೆ ಒಂದು ದಿನವೂ ಬೀಳಲಿಲ್ಲ ರಜೆ.

ಮೊದಲು ಫ್ರೀಜರಿನ ಗೋಡೆಗೆ ಬೆಳೆದ ಹಿಮವನ್ನು
ಸೌಟಿನ ಹಿಡಿಯಿಂದ ಕುಟ್ಟಿ ಕೆಡವಿದೆ.
ಒಳಗಿಂದ ಸಿಕ್ಕಿದ್ದು
ಸಂಕ್ರಾಂತಿಯ ಹಿತಕಿದ ಬೇಳೆ ಒಂದು ಹಿಡಿ,
ಯಾರದೋ ಹುಟ್ಟುಹಬ್ಬದ ಅರ್ಧ ಕಪ್ಪು ಐಸ್‌ಕ್ರೀಮು,
ಕಳೆದುಹೋಯಿತೆಂದುಕೊಂಡಿದ್ದ ಚಮಚ.

"ಸೌತೆಕಾಯಿ ಹಾಕಬೇಡಿ, ಟೊಮ್ಯಾಟೊನೂ ಬೇಡ,
ಕರಗೋವಾಗ ಅತ್ತುಬಿಡ್ತವೆ ಅಕ್ಕ"
ಅಂದಳು ತಬಸ್ಸುಮ್, ಕಾಜಾ ಮಾಡುತ್ತಾ.
ಸೆಹರಿಗೆಂದು ಮಾಡಿಟ್ಟು ಕೆಡಿಸಿ ಕಲಿತವಳು.
ಸರಿ, ಆಲೂಗಡ್ಡೆ ಪಲ್ಯ, ಪುದೀನ ಚಟ್ನಿ.
ಪಲ್ಯ ಪೂರ್ತಿ ಆರಬೇಕು.
ಬಿಸಿ ಇರುವಾಗಲೇ ಮುಚ್ಚಿದರೆ ಒಳಗೇ ಬೆವರುತ್ತದೆ,
ಹಸಿಯಿದ್ದಾಗ ಮಡಿಸಿಟ್ಟ ರವಿಕೆ ಹಾಗೆ.
ಬೆಣ್ಣೆ ಅಂಚಿನ ತನಕ, ಒಂದು ನೂಲೂ ಬಿಡದೆ.
ಅದೇ ಲೈನಿಂಗು.
ಇಲ್ಲದಿದ್ದರೆ ಚಟ್ನಿಯ ಹಸಿರು ಹೊರಗೆ ಇಳಿದು
ಗಿರಾಕಿ ಜಗಳಕ್ಕೆ ಬರುತ್ತಾಳೆ. ಗಿರಾಕಿ ನಾನೇ.

ಅಮ್ಮ ಇದ್ದಿದ್ದರೆ ಒಂದೇ ಮಾತು: "ತಂಗಳು!"
ಮೂಗಿನ ಮೇಲೆ ಸೆರಗು.
ಅಲ್ಲಮ್ಮ, ತಂಗಳು ಅಂದರೆ ರಾತ್ರಿ ತಂಗಿದ್ದು ತಾನೆ?
ಛತ್ರದಲ್ಲಿ ಮಲಗೆದ್ದವರನ್ನು
ಯಾರಾದರೂ ಹಳಸಿದರು ಅನ್ನುತ್ತಾರಾ?
ಇವೂ ತಂಗಲಿ, ಮೂರು ವಾರ,
ಬಾಗಿಲು ತೆಗೆದಾಗ ಒಂದೊಂದೇ ಎದ್ದು ಬರಲಿ.
ಅಷ್ಟರಲ್ಲಿ ಕರೆಂಟು ಮಾತ್ರ ಹೋಗದಿರಲಿ
ಶ್ರೀರಾಂಪುರದ ಸಮಸ್ತ ದೇವರುಗಳೇ.

ಬೆಣ್ಣೆ ಕಾಗದದಲ್ಲಿ ಸುತ್ತಿ, ಚಾಕಿನಿಂದ ತಾರೀಖು ಬರೆದೆ.
ನೀಲಿ ನಿಲ್ಲಲಿಲ್ಲ, ಜಾರಿಹೋಯಿತು.
ಸೂಜಿ ತೆಗೆದೆ.
ಮೊದಲ ವಾರಕ್ಕೆ ಕೆಂಪು ದಾರದ ಒಂದು ಹೊಲಿಗೆ,
ಎರಡಕ್ಕೆ ಎರಡು, ಮೂರಕ್ಕೆ ಮೂರು.
ಆಮೇಲೆ ಹೊಳೆಯಿತು: ಬಿಚ್ಚುವುದು ಹೇಗೆ?
ಬಲಗೈಯನ್ನು ಬೆನ್ನ ಹಿಂದೆ ಕಟ್ಟಿ
ಎಡಗೈಯಲ್ಲಿ ಒಂದನ್ನು ಹಿಡಿದು ನೋಡಿದೆ.
ಬೆರಳು ಐದೂ ಇವೆ, ಬುದ್ಧಿ ಒಂದಕ್ಕೂ ಇಲ್ಲ.
ಎಲ್ಲ ಬಿಚ್ಚಿ ಮತ್ತೆ ಸುತ್ತಿದೆ,
ಈ ಸಲ ಹಲ್ಲಿಗೆ ಸಿಗುವಷ್ಟು ಕಾಗದದ ಕಿವಿ ಬಿಟ್ಟು.

ಬಿಡುವುದು ನನಗೆ ಗೊತ್ತು.
ರವಿಕೆಯ ಪಕ್ಕಕ್ಕೆ, ಒಳಗಡೆ, ಮುಕ್ಕಾಲು ಇಂಚು.
ಕೇಳಿದವರಿಗೂ ಕೇಳದವರಿಗೂ ಬಿಡುತ್ತೇನೆ.
ಮದುವೆಗೆ ಹೊಲಿಸಿದ್ದನ್ನು
ಬಾಣಂತನ ಮುಗಿಸಿ ತರುತ್ತಾರೆ, ತಲೆ ತಗ್ಗಿಸಿ,
"ಬಟ್ಟೆ ಕುಗ್ಗಿದೆ ಅಕ್ಕ" ಅನ್ನುತ್ತಾರೆ.
ಹೂಂ, ಕುಗ್ಗಿದೆ ಅನ್ನುತ್ತೇನೆ ನಾನೂ.
ಹೊಲಿಗೆ ಬಿಚ್ಚಿದರೆ ಒಳಗಿದ್ದ ಪಟ್ಟಿ
ಬಿಸಿಲು ಕಾಣದ ಬಣ್ಣದಲ್ಲಿ,
ಅಂಗಡಿಯಿಂದ ಈಗ ಬಂದ ಹಾಗೆ.
ಎಷ್ಟೋ ಮೈಗಳಿಗೆ ಹೀಗೆ ಜಾಗ ಬಿಟ್ಟವಳು
ನನ್ನ ದಿನಗಳನ್ನು ಮಾತ್ರ
ಅಂಚಿಗಂಟಿಸಿಯೇ ಹೊಲಿದುಬಿಟ್ಟಿದ್ದೆ.

ಎರಡು ಡಜನ್ ಆಯಿತು, ಒಂದು ಹಿಡಿಸಲಿಲ್ಲ.
ತಬಸ್ಸುಮ್‌ಗೆ ಅರ್ಧ, ನನಗರ್ಧ.
ಅಭ್ಯಾಸಕ್ಕೆ ಎಡಗೈಲೇ ತಿಂದೆ.
ಚಟ್ನಿ ಮೊಣಕೈವರೆಗೆ ಹರಿಯಿತು.
ಅವಳು ಮರ್ಯಾದೆಗೆ ಕಿಟಕಿ ಕಡೆ ತಿರುಗಿ
ಮೇಲೆ ಹೋಗುವ ಮೆಟ್ರೋ ನೋಡಿದಳು,
ಹೋದ ಮೇಲೂ ನೋಡುತ್ತಲೇ ಇದ್ದಳು.
"ದಿನಾ ಸಂಜೆ ಬರ್ತೀನಿ" ಅಂದಳು, "ಕಾಜಾ ಇವೆಯಲ್ಲ."
ಕಾಜಾ ಮುಗಿದಿದ್ದವು.

ಬಾಗಿಲು ಒತ್ತಿದೆ.
ಫ್ರಿಜ್ಜು ಒಮ್ಮೆ ನಡುಗಿ
ಗುಂಯ್ ಅಂತ ಶುರುವಾಯಿತು,
ಪೆಡಲ್ ತುಳಿಯುವವರು ಯಾರೂ ಇಲ್ಲದೆ.